ಗುರುವಾರ ಹಾಡಿದ ಮೈದಾನಕ್ಕೆ ಭಾನುವಾರ ಬೀಗ

2022ರ ಸೆಪ್ಟೆಂಬರ್ 8, ಗುರುವಾರ. ಸಂಜೆ ಆರೂವರೆಗೆ ಬಕಿಂಗ್‌ಹ್ಯಾಮ್ ಅರಮನೆಯ ಪ್ರಕಟಣೆ ಹೊರಬಿತ್ತು. ಸ್ಕಾಟ್ಲೆಂಡಿನ ಬಾಲ್ಮೋರಲ್ ಕೋಟೆಮನೆಯಲ್ಲಿ ರಾಣಿ ಎರಡನೇ ಎಲಿಜಬೆತ್ ತೀರಿಕೊಂಡಿದ್ದರು. ವಯಸ್ಸು 96, ಸಿಂಹಾಸನದ ಮೇಲೆ 70 ವರ್ಷ. ಆ ಹೊತ್ತಿಗೆ ಪೂರ್ವ ಲಂಡನ್ನಿನಲ್ಲಿ ವೆಸ್ಟ್ ಹ್ಯಾಮ್ ಕ್ಲಬ್ಬಿನ ಅಭಿಮಾನಿಗಳು ಲಂಡನ್ ಸ್ಟೇಡಿಯಂ ಕಡೆಗೆ ಹೊರಟಾಗಿತ್ತು. ಎಂಟು ಗಂಟೆಗೆ ರುಮೇನಿಯಾದ ಎಫ್‌ಸಿಎಸ್‌ಬಿ ತಂಡದ ಜೊತೆ ಯುರೋಪಿಯನ್ ಪಂದ್ಯ. ಹೊರನಾಡಿನ ತಂಡ ಬಂದಿಳಿದಿದೆ, ಜನ ದಾರಿಯಲ್ಲಿದ್ದಾರೆ, ಉಳಿದಿರುವುದು ಒಂದೂವರೆ ಗಂಟೆ. ಪಂದ್ಯ ನಡೆಯಿತು.

ಆಟ ಶುರುವಾಗುವ ಮುನ್ನ ಎರಡೂ ತಂಡಗಳು ಮೈದಾನದ ನಡುವೆ ನಿಂತವು. ಆ ಮೌನದೊಳಗಿಂದ ಪ್ರೇಕ್ಷಕರ ಸಾಲುಗಳಲ್ಲಿ ರಾಷ್ಟ್ರಗೀತೆ ಎದ್ದಿತು. ರಾಣಿಯನ್ನು ದೇವರು ಕಾಪಾಡಲಿ ಎನ್ನುವ ಅದೇ ಹಳೆಯ ಸಾಲುಗಳು. ಆ ಹೊತ್ತಿಗೆ ರಾಣಿ ಇರಲಿಲ್ಲ, ಹಾಡು ಮಾತ್ರ ಇನ್ನೂ ರಾಜನ ಹೆಸರಿಗೆ ಬದಲಾಗಿರಲಿಲ್ಲ. ಎಪ್ಪತ್ತು ವರ್ಷ ಬಾಯಲ್ಲಿ ಕೂತ ಮಾತು, ಒಂದೂವರೆ ಗಂಟೆಯಲ್ಲಿ ಹೇಗೆ ಬದಲಾದೀತು? ಸಾವಿನ ಸುದ್ದಿ ಕೇಳಿದ ಮೇಲೆ ಜನ ಏನು ಮಾಡಬಹುದು ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಕ್ಕಿಲ್ಲ. ಒಟ್ಟಿಗೆ ನಿಂತರು, ಹಾಡಿದರು, ಆಮೇಲೆ ಆಟ ನೋಡಿದರು. ಮೊದಲು ಒಂದು ಗೋಲು ಬಿಟ್ಟುಕೊಟ್ಟ ವೆಸ್ಟ್ ಹ್ಯಾಮ್ 3-1ರಿಂದ ಗೆದ್ದಿತು.

ಮೂರು ದಿನ ಬಿಟ್ಟು, ಭಾನುವಾರ, ಅದೇ ಮೈದಾನದಲ್ಲಿ ನ್ಯೂಕಾಸಲ್ ವಿರುದ್ಧ ಲೀಗ್ ಪಂದ್ಯ ಇತ್ತು. ಅದು ನಡೆಯಲಿಲ್ಲ. ಆ ವಾರಾಂತ್ಯ ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗಿನಿಂದ ಹಿಡಿದು ಪಾರ್ಕಿನಲ್ಲಿ ಆಡುವ ಎಂಟು ವರ್ಷದ ಮಕ್ಕಳ ಪಂದ್ಯದವರೆಗೆ ಫುಟ್‌ಬಾಲ್ ಪೂರ್ತಿ ನಿಂತಿತು. ಗುರುವಾರ ರಾತ್ರಿ ಹಾಗೆ ಹಾಡಿದ ಜನರಿಗೆ ಶನಿವಾರ, ಭಾನುವಾರ ಮನೆಯಲ್ಲೇ ಇರಿ ಎಂದು ಯಾಕೆ ಹೇಳಲಾಯಿತು, ಅದರ ಬೆಲೆಯನ್ನು ಯಾರು ತೆತ್ತರು ಎಂಬುದೇ ಈ ಪ್ರಕರಣ.

ಶುಕ್ರವಾರ ಬೆಳಗಿನ ತೀರ್ಮಾನ

ಬ್ರಿಟನ್ನಿನಲ್ಲಿ ರಾಣಿಯ ಸಾವಿಗೆ ದಶಕಗಳಿಂದ ಸಿದ್ಧತೆ ಇತ್ತು. 'ಲಂಡನ್ ಬ್ರಿಡ್ಜ್' ಎಂಬ ಗುಪ್ತನಾಮದ ಯೋಜನೆಯಲ್ಲಿ ಯಾವ ದಿನ ಏನು ಎಂಬ ಪಟ್ಟಿ ತಯಾರಿತ್ತು. ಆದರೆ ಆಟೋಟದ ವಿಷಯಕ್ಕೆ ಬಂದಾಗ ಸರ್ಕಾರ ತೀರ್ಮಾನವನ್ನು ತನ್ನ ಕೈಯಲ್ಲಿ ಇಟ್ಟುಕೊಳ್ಳಲಿಲ್ಲ. ಶುಕ್ರವಾರ ಹೊರಟ ಮಾರ್ಗಸೂಚಿಯ ಸಾರ ಇಷ್ಟು: ರಾಷ್ಟ್ರೀಯ ಶೋಕಾಚರಣೆಯ ಅವಧಿಯಲ್ಲಿ ಪಂದ್ಯಗಳನ್ನು ರದ್ದು ಮಾಡಬೇಕೆಂಬ ಕಡ್ಡಾಯ ಇಲ್ಲ, ಅದು ಆಯಾ ಸಂಸ್ಥೆಯ ವಿವೇಚನೆಗೆ ಬಿಟ್ಟದ್ದು. ಅಂತ್ಯಕ್ರಿಯೆಯ ದಿನ ಸಮಯ ಹೊಂದಿಸಿಕೊಳ್ಳಬಹುದು. ಆಟದ ಮೊದಲು ಮೌನ ಆಚರಿಸಬಹುದು, ರಾಷ್ಟ್ರಗೀತೆ ಹಾಡಿಸಬಹುದು, ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಳ್ಳಬಹುದು.

ಓದಲು ಇದು ಉದಾರವಾಗಿ ಕಾಣುತ್ತದೆ. ಆದರೆ ಫುಟ್‌ಬಾಲ್ ಸಂಸ್ಥೆಯ ಕುರ್ಚಿಯಲ್ಲಿ ಕೂತು ಓದಿದರೆ ಅದು ಅಡಕತ್ತರಿ. ಸರ್ಕಾರ 'ನಿಲ್ಲಿಸಿ' ಎಂದಿದ್ದರೆ ನಿಲ್ಲಿಸುತ್ತಿದ್ದರು, 'ಆಡಿ' ಎಂದಿದ್ದರೆ ಆಡಿಸುತ್ತಿದ್ದರು. 'ನಿಮ್ಮಿಷ್ಟ' ಎಂದಾಗ ಎಲ್ಲ ಹೊಣೆ ಮಂಡಳಿಯ ತಲೆಗೆ ಬಂತು. ಆಡಿಸಿ ಏನಾದರೂ ಎಡವಟ್ಟಾದರೆ ಮರುದಿನದ ಪತ್ರಿಕೆಗಳು ಸುಮ್ಮನೆ ಬಿಡುವುದಿಲ್ಲ. ಆಡಿಸದೆ ಇದ್ದರೆ ಹೆಚ್ಚೆಂದರೆ ಅಭಿಮಾನಿಗಳು ಗೊಣಗುತ್ತಾರೆ. ಕೆಳಗಿನ ಮೂರು ಡಿವಿಷನ್‌ಗಳನ್ನು ನಡೆಸುವ ಇಂಗ್ಲಿಷ್ ಫುಟ್‌ಬಾಲ್ ಲೀಗ್ ಗುರುವಾರ ರಾತ್ರಿಯೇ ಶುಕ್ರವಾರದ ಎರಡು ಪಂದ್ಯ ಕೈಬಿಟ್ಟಿತ್ತು: ಬರ್ನ್ಲಿ-ನಾರ್ವಿಚ್ ಮತ್ತು ಟ್ರಾನ್ಮಿಯರ್-ಸ್ಟಾಕ್‌ಪೋರ್ಟ್. ಶುಕ್ರವಾರ ಪ್ರೀಮಿಯರ್ ಲೀಗ್, ಇಂಗ್ಲಿಷ್ ಫುಟ್‌ಬಾಲ್ ಲೀಗ್, ಮಹಿಳಾ ಸೂಪರ್ ಲೀಗ್, ಇಂಗ್ಲೆಂಡಿನ ಫುಟ್‌ಬಾಲ್ ಆಡಳಿತ ಸಂಸ್ಥೆಯಾದ ಎಫ್‌ಎ ಎಲ್ಲವೂ ಒಂದೇ ದನಿಯಲ್ಲಿ ಮುಂದೂಡಿಕೆ ಘೋಷಿಸಿದವು. ಕಾರಣವೂ ಎಲ್ಲರದೂ ಒಂದೇ, ಗೌರವ.

ಎಫ್‌ಎ ಅಷ್ಟು ದೂರ ಹೋದದ್ದಕ್ಕೆ ಇನ್ನೊಂದು ಒಳಕಾರಣ ಇತ್ತೆಂದು ನನ್ನ ಊಹೆ. ರಾಣಿ ಆ ಸಂಸ್ಥೆಯ ಪೋಷಕಿ. ಮೊಮ್ಮಗ ವಿಲಿಯಂ 2006ರಿಂದ ಆಗಲೂ ಅದರ ಅಧ್ಯಕ್ಷರಾಗಿದ್ದರು. 1953ರಲ್ಲಿ ಪಟ್ಟಾಭಿಷೇಕಕ್ಕೆ ಒಂದು ತಿಂಗಳ ಮೊದಲು ಬ್ಲ್ಯಾಕ್‌ಪೂಲ್ ತಂಡ ಬೋಲ್ಟನ್ನನ್ನು 4-3ರಿಂದ ಸೋಲಿಸಿದ ಕಪ್ ಫೈನಲ್ ನೋಡಿದ್ದು ರಾಣಿಯೇ, 1966ರ ಜುಲೈ 30ರಂದು ವೆಂಬ್ಲಿಯಲ್ಲಿ ಇಂಗ್ಲೆಂಡ್ ನಾಯಕ ಬಾಬಿ ಮೂರ್ ಕೈಗೆ ವಿಶ್ವಕಪ್ ಇತ್ತದ್ದೂ ಅವರೇ. ಸಂಸ್ಥೆಯ ಮಟ್ಟಿಗೆ ಇದು ದೊರೆಯ ಸಾವೂ ಹೌದು, ಮನೆಯ ಹಿರಿಯರ ಸಾವೂ ಹೌದು. ಮನೆಯವರು ಊರಿನವರಿಗಿಂತ ಹೆಚ್ಚು ಬಿಗಿ ಹಿಡಿಯುವುದು ಸಹಜ. ಆದರೆ ಆ ಬಿಗಿ ಮನೆಯೊಳಗೇ ಉಳಿಯಲಿಲ್ಲ, ಇಡೀ ಊರಿನ ಮೈದಾನಗಳಿಗೆ ಹಬ್ಬಿತು.

ಅದೇ ವಾರಾಂತ್ಯ, ಬೇರೆ ಆಟಗಳು

ಅದೇ ಗುರುವಾರ ದಕ್ಷಿಣ ಲಂಡನ್ನಿನ ಓವಲ್‌ನಲ್ಲಿ ಇಂಗ್ಲೆಂಡ್ ಮತ್ತು ದಕ್ಷಿಣ ಆಫ್ರಿಕಾ ನಡುವಿನ ಮೂರನೇ ಟೆಸ್ಟ್ ಶುರುವಾಗಬೇಕಿತ್ತು. ಮೊದಲ ದಿನ ಮಳೆಗೆ ಕೊಚ್ಚಿಹೋಯಿತು. ಶುಕ್ರವಾರದ ಆಟವನ್ನು ಕ್ರಿಕೆಟ್ ಮಂಡಳಿಯೇ ನಿಲ್ಲಿಸಿತು. ಶನಿವಾರ ಆಡುವುದೆಂದು ತೀರ್ಮಾನವಾಯಿತು. ಇಂಗ್ಲೆಂಡ್ ನಾಯಕ ಬೆನ್ ಸ್ಟೋಕ್ಸ್, ರಾಣಿಗೆ ಆಟವೆಂದರೆ ಪ್ರೀತಿ, ಅವರ ನೆನಪಿನಲ್ಲಿ ಆಡುವುದು ನಮಗೆ ಹೆಮ್ಮೆ ಎಂಬ ಅರ್ಥದ ಮಾತು ಬರೆದಿದ್ದರು.

ಆ ಶನಿವಾರ ಬೆಳಗ್ಗೆಯ ಓವಲ್ ನೆನೆಸಿಕೊಳ್ಳಿ. ಸೈನಿಕರ ಸಾಲಿನ ನಡುವಿನಿಂದ ಎರಡೂ ತಂಡಗಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಇಳಿದು ಬಂದವು. ಗ್ಯಾಲರಿ ತುಂಬಿತ್ತು. ಒಂದು ನಿಮಿಷ ಕೆಮ್ಮಿನ ಸದ್ದೂ ಇಲ್ಲ. ಆಮೇಲೆ ಗಾಯಕಿ ಲಾರಾ ರೈಟ್ ಮೊದಲು ದಕ್ಷಿಣ ಆಫ್ರಿಕಾದ ಗೀತೆಯನ್ನು, ನಂತರ ಬ್ರಿಟನ್ನಿನ ಗೀತೆಯನ್ನು ವಾದ್ಯವಿಲ್ಲದೆ ಬರೀ ಕಂಠದಲ್ಲಿ ಹಾಡಿದರು. ಎಪ್ಪತ್ತು ವರ್ಷಗಳ ನಂತರ 'ರಾಜನನ್ನು ಕಾಪಾಡು' ಎಂಬ ಸಾಲು ದೊಡ್ಡ ಕ್ರೀಡಾಕೂಟವೊಂದರಲ್ಲಿ ಮೊದಲ ಸಲ ಕೇಳಿಸಿತು. ಹಾಡು ಮುಗಿದ ಮೇಲೆ ಬಂದ ಚಪ್ಪಾಳೆ ಬೇಗ ನಿಲ್ಲಲಿಲ್ಲ. ಅಲ್ಲಿಂದ ಆಟ. ದಕ್ಷಿಣ ಆಫ್ರಿಕಾ 118ಕ್ಕೆ ಮುಗಿಯಿತು, ಓಲಿ ರಾಬಿನ್ಸನ್‌ಗೆ 5 ವಿಕೆಟ್. ಸೋಮವಾರ ಇಂಗ್ಲೆಂಡ್ 9 ವಿಕೆಟ್‌ಗಳಿಂದ ಪಂದ್ಯ ಗೆದ್ದಿತು, ಸರಣಿಯೂ 2-1ರಿಂದ ಅವರದೇ ಆಯಿತು. ಇಲ್ಲಿ ಶೋಕಕ್ಕೆ ಎಲ್ಲಿ ಕೊರತೆಯಾಯಿತು? ಎಷ್ಟು ಹುಡುಕಿದರೂ ನನಗೆ ಸಿಗುವುದಿಲ್ಲ.

ಉಳಿದ ಆಟಗಳೂ ಇದೇ ಜಾಡು ಹಿಡಿದವು. ವೆಂಟ್‌ವರ್ತ್‌ನ ಗಾಲ್ಫ್ ಪಂದ್ಯಾವಳಿ ಗುರುವಾರ ಅರ್ಧಕ್ಕೆ ನಿಂತು, ಶುಕ್ರವಾರ ಬಿಡುವು ಕೊಟ್ಟು, ಶನಿವಾರ ಮುಂದುವರಿಯಿತು. ನಾಲ್ಕು ಸುತ್ತಿನ ಬದಲು ಮೂರೇ ಸುತ್ತಿಗೆ ಮುಗಿಯಿತು. ರಾಣಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದ ಕುದುರೆ ಓಟದವರು ಡಾಂಕಾಸ್ಟರ್‌ನ ಸೇಂಟ್ ಲೆಜರ್ ಓಟವನ್ನು ಶನಿವಾರದಿಂದ ಭಾನುವಾರಕ್ಕೆ ಸರಿಸಿದರು, ರದ್ದು ಮಾಡಲಿಲ್ಲ. ರಗ್ಬಿ ಪ್ರೀಮಿಯರ್‌ಶಿಪ್ ಶುಕ್ರವಾರದ ಪಂದ್ಯಗಳನ್ನಷ್ಟೇ ಮುಂದಕ್ಕೆ ಹಾಕಿ ಶನಿವಾರದಿಂದ ಆಡಿಸಿತು. ಭಾನುವಾರ ನ್ಯೂಕಾಸಲ್ ಊರಿನಲ್ಲಿ ಸುಮಾರು 60,000 ಮಂದಿ ಹೆಸರು ಕೊಟ್ಟಿದ್ದ ಗ್ರೇಟ್ ನಾರ್ತ್ ರನ್ ಓಟವೂ ನಡೆಯಿತು. ಸೈಕ್ಲಿಂಗ್‌ನ ಟೂರ್ ಆಫ್ ಬ್ರಿಟನ್ ಉಳಿದ ಹಂತಗಳನ್ನು ಬಿಟ್ಟುಕೊಟ್ಟಿತು ನಿಜ. ಆದರೆ ಅದು ನೂರಾರು ಮೈಲಿ ರಸ್ತೆಯುದ್ದಕ್ಕೂ ಪೊಲೀಸರನ್ನು ಬೇಡುವ ಆಟ, ಅದರ ಲೆಕ್ಕ ಬೇರೆ.

ಪ್ರೀಮಿಯರ್ ಲೀಗ್ ಪಂದ್ಯಕ್ಕೂ ಪೊಲೀಸರು ಬೇಕು, ಒಪ್ಪೋಣ. ಕೆಲವು ಕಡೆ ಮೌನದ ನಡುವೆ ಯಾರಾದರೂ ಕೂಗಿಬಿಟ್ಟರೆ ಎಂಬ ಭಯವೂ ಇತ್ತು, ಅದನ್ನೂ ಒಪ್ಪೋಣ. ಗುರುವಾರ ರಾತ್ರಿಯೇ ಡಬ್ಲಿನ್ನಿನ ಒಂದು ಪಂದ್ಯದಲ್ಲಿ ರಾಣಿಯ ಸಾವನ್ನು ಹಂಗಿಸುವ ಕೂಗು ಕೇಳಿಸಿತ್ತು, ಆ ಕ್ಲಬ್ಬು ಅದನ್ನು ಖಂಡಿಸಿತ್ತು. ಆದರೆ ಈ ಎರಡೂ ಕಾರಣಗಳು ಒಂಬತ್ತು ವರ್ಷದೊಳಗಿನವರ ಪಂದ್ಯಕ್ಕೆ ಹೇಗೆ ಅನ್ವಯಿಸುತ್ತವೆ?

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ ಭಾಗ. ತಳಮಟ್ಟದ ಫುಟ್‌ಬಾಲ್ ಎಂದರೆ ಏನೆಂದು ಭಾನುವಾರ ಬೆಳಗ್ಗೆ ಮಕ್ಕಳನ್ನು ಮೈದಾನಕ್ಕೆ ಕರೆದೊಯ್ದ ಯಾರಿಗಾದರೂ ಗೊತ್ತು, ಅದು ಇಂಗ್ಲೆಂಡ್ ಆಗಲಿ, ನಮ್ಮ ಬೆಂಗಳೂರಿನ ಆಸ್ಟಿನ್ ಟೌನ್ ಆಗಲಿ. ಒಬ್ಬ ಅಪ್ಪ ಬೆಳಗಿನ ಜಾವ ಎದ್ದು ಗೆರೆ ಹಾಕುತ್ತಾನೆ. ಒಬ್ಬಳು ಅಮ್ಮ ಹದಿನಾಲ್ಕು ಜೊತೆ ಸಾಕ್ಸ್ ಒಗೆದು ತರುತ್ತಾಳೆ. ರೆಫರಿ ಹೈಸ್ಕೂಲು ಹುಡುಗ, ಸೀಟಿ ಊದಲು ಇನ್ನೂ ನಾಚಿಕೆ. ಪೊಲೀಸರು ಆ ಕಡೆ ಸುಳಿಯುವುದೂ ಇಲ್ಲ. ಇಂಥ ಪಂದ್ಯ ರದ್ದಾದರೆ ಒಬ್ಬ ಕಾನ್‌ಸ್ಟೇಬಲ್ ಕೂಡ ಲಂಡನ್ನಿನ ಬಂದೋಬಸ್ತಿಗೆ ಹೆಚ್ಚುವರಿಯಾಗಿ ಸಿಗುವುದಿಲ್ಲ.

ಆದರೂ ಎಫ್‌ಎ ಅವನ್ನೂ ನಿಲ್ಲಿಸಿತು. ಮಕ್ಕಳ ಪಂದ್ಯ, ಭಾನುವಾರದ ಹವ್ಯಾಸಿ ಲೀಗು, ಎಲ್ಲ. ಪಕ್ಕದ ಮೈದಾನದಲ್ಲಿ ಕ್ರಿಕೆಟ್ ಆಡಬಹುದು, ಶಾಪಿಂಗ್ ಮಾಲಿಗೆ ಹೋಗಬಹುದು, ಸಿನಿಮಾ ನೋಡಬಹುದು, ಪಬ್ಬಿನಲ್ಲಿ ಕೂರಬಹುದು. ಮಗು ಚೆಂಡು ಒದೆಯುವುದೊಂದು ಅಗೌರವ! ಶೆಫೀಲ್ಡಿನ ಒಂದು ಚಿಕ್ಕ ಕ್ಲಬ್ಬು ಇದನ್ನು ಒಪ್ಪದೆ ಸ್ನೇಹಪಂದ್ಯ ಆಡಿಬಿಟ್ಟಿತು. ಅದರ ಮೇಲೆ ಅಲ್ಲಿಯ ಲೀಗು ಸಿಡಿದುಬಿದ್ದು ಕ್ರಮದ ಮಾತಾಡಿತು. ತಳಮಟ್ಟದವರು ಶೋಕಿಸಲಿಲ್ಲ ಎಂದಲ್ಲ, ಮೌನ ಆಚರಿಸಿ ಆಡುತ್ತೇವೆ ಎಂದದ್ದಕ್ಕೂ ಅವಕಾಶ ಇರಲಿಲ್ಲ.

ಇಲ್ಲಿ ಕೆಟ್ಟದ್ದು ಮುಂದೂಡಿದ್ದಕ್ಕಿಂತ ಮುಂದೂಡಿದ ರೀತಿ. ಅರವತ್ತು ಸಾವಿರ ಜನ ಸೇರುವ ಪಂದ್ಯಕ್ಕೂ ಹದಿನಾಲ್ಕು ಮಕ್ಕಳ ಪಂದ್ಯಕ್ಕೂ ಒಂದೇ ಸುತ್ತೋಲೆ ಹೊರಟಿತು. ಮೇಲಿನವರಿಗೆ ಭಯ ಇದ್ದದ್ದು ದೊಡ್ಡ ಕ್ರೀಡಾಂಗಣಗಳ ಬಗ್ಗೆ. ಆದರೆ ಪ್ರೀಮಿಯರ್ ಲೀಗ್ ಮಾತ್ರ ನಿಲ್ಲಿಸಿದರೆ 'ಹಾಗಾದರೆ ಅವರು ಯಾಕೆ ಆಡಬಹುದು' ಎಂಬ ಪ್ರಶ್ನೆ ಬರುತ್ತಿತ್ತು. ಆ ಪ್ರಶ್ನೆ ಹುಟ್ಟದಂತೆ ಎಲ್ಲರನ್ನೂ ನಿಲ್ಲಿಸಿದರು ಎಂದೇ ನನಗನ್ನಿಸುತ್ತದೆ.

ದುಡ್ಡಿನ ಲೆಕ್ಕವೂ ಹೀಗೆಯೇ ಕೆಳಕ್ಕೆ ಹರಿಯಿತು. ದೊಡ್ಡ ಕ್ಲಬ್ಬಿಗೆ ಪಂದ್ಯ ಮುಂದೆ ಹೋದರೆ ಟಿವಿ ಹಣ ಎಲ್ಲಿಗೂ ಓಡಿಹೋಗುವುದಿಲ್ಲ. ಆದರೆ ಪಂದ್ಯಕ್ಕಿಷ್ಟು ಎಂದು ಕೂಲಿ ಪಡೆಯುವ ಗೇಟಿನ ಕಾವಲಿನವರು, ಪೈ ಮಾರುವವರು, ಪಾರ್ಕಿಂಗ್ ನೋಡುವವರು ಆ ವಾರದ ದುಡಿಮೆ ಕಳೆದುಕೊಂಡರು. ಕೆಳ ಲೀಗಿನ ಚಿಕ್ಕ ಕ್ಲಬ್ಬಿಗೆ ಶನಿವಾರದ ಟಿಕೆಟ್ಟು, ಬಾರು, ಚಹಾ ಅಂಗಡಿಯ ಗಲ್ಲಾಪೆಟ್ಟಿಗೆಯೇ ಜೀವಾಳ. ಅದೇ ಪಂದ್ಯ ಮುಂದೊಂದು ಮಂಗಳವಾರ ರಾತ್ರಿ ಚಳಿಯಲ್ಲಿ ನಡೆದರೆ ಅಷ್ಟು ಜನ ಬರುವುದಿಲ್ಲ.

ಮಹಿಳಾ ಲೀಗಿನ ಕಥೆ ಇನ್ನೊಂದು ಬಗೆಯ ನೋವು. ಅದೇ ಜುಲೈ 31ರಂದು ವೆಂಬ್ಲಿಯಲ್ಲಿ 87,192 ಮಂದಿಯ ಎದುರು ಇಂಗ್ಲೆಂಡಿನ ಹೆಣ್ಣುಮಕ್ಕಳು ಜರ್ಮನಿಯನ್ನು 2-1ರಿಂದ ಸೋಲಿಸಿ ಯುರೋಪಿನ ಚಾಂಪಿಯನ್ನರಾಗಿದ್ದರು. ಆ ಹುಮ್ಮಸ್ಸನ್ನು ಲೀಗಿಗೆ ತರಬೇಕಿದ್ದ ಮೊದಲ ವಾರಾಂತ್ಯ ಇದು. ಆರು ವಾರ ಕಾದು ನಿಂತಿದ್ದ ಉದ್ಘಾಟನೆ ಕೈತಪ್ಪಿತು. ಆದರೂ ಸೆಪ್ಟೆಂಬರ್ 24ರಂದು ಆರ್ಸೆನಲ್-ಟಾಟನ್‌ಹ್ಯಾಮ್ ಪಂದ್ಯಕ್ಕೆ 47,367 ಮಂದಿ ಬಂದು ಲೀಗಿನ ದಾಖಲೆ ಬರೆದರು. ಜನ ಮರೆತಿರಲಿಲ್ಲ ಎಂಬುದಷ್ಟೇ ಸಮಾಧಾನ.

ಹಿಂದೆ ಏನು ಮಾಡುತ್ತಿದ್ದರು

ಸಂಪ್ರದಾಯ ಎಂಬ ಮಾತು ಆ ವಾರ ಬಹಳ ಕೇಳಿಬಂತು. ಹಾಗಾಗಿ ಸಂಪ್ರದಾಯವನ್ನೇ ನೋಡಬೇಕು.

1936ರ ಜನವರಿ 20ರಂದು ಐದನೇ ಜಾರ್ಜ್ ತೀರಿಕೊಂಡರು. 25ರ ಶನಿವಾರ, ಅಂತ್ಯಕ್ರಿಯೆಗೂ ಮುನ್ನ, ಎಫ್‌ಎ ಕಪ್ಪಿನ ನಾಲ್ಕನೇ ಸುತ್ತು ನಡೆಯಿತು. 1952ರ ಫೆಬ್ರವರಿ 6ರಂದು, ಬುಧವಾರ, ಎಲಿಜಬೆತ್ ಅವರ ತಂದೆ ಆರನೇ ಜಾರ್ಜ್ ಹೋದರು. ಮೂರೇ ದಿನಕ್ಕೆ, 9ರ ಶನಿವಾರ, ಲೀಗ್ ಪಂದ್ಯಗಳು ನಡೆದವು. ಪ್ರೇಕ್ಷಕರು ಎದ್ದು ನಿಂತು ಪ್ರಾರ್ಥನಾ ಗೀತೆ ಹಾಡಿದರು, ಆಮೇಲೆ ಚೆಂಡು ಉರುಳಿತು. ಅದೇ ದಿನ ನಡೆಯಬೇಕಿದ್ದ ಇಂಗ್ಲೆಂಡ್-ಐರ್ಲೆಂಡ್ ರಗ್ಬಿ ಪಂದ್ಯವನ್ನು ಮಾತ್ರ ಮಾರ್ಚ್ 29ಕ್ಕೆ ಮುಂದೂಡಿದ್ದರು. ಅಂದರೆ 1952ರಲ್ಲಿ ಫುಟ್‌ಬಾಲ್ ಆಡಿತು, ರಗ್ಬಿ ನಿಂತಿತು. 2022ರಲ್ಲಿ ರಗ್ಬಿ ಆಡಿತು, ಫುಟ್‌ಬಾಲ್ ನಿಂತಿತು.

1997ರ ಆಗಸ್ಟ್ 31ರ ಭಾನುವಾರ ಡಯಾನಾ ಸತ್ತಾಗ ಅಂದಿನ ಲಿವರ್‌ಪೂಲ್-ನ್ಯೂಕಾಸಲ್ ಪಂದ್ಯವನ್ನು ತಡೆಹಿಡಿದರು. ಆಗ ನಿಜವಾದ ಜಗಳ ಆದದ್ದು ಸ್ಕಾಟ್ಲೆಂಡಿನಲ್ಲಿ. ಅಂತ್ಯಕ್ರಿಯೆ ನಡೆಯುವ ಶನಿವಾರವೇ ಬೆಲಾರೂಸ್ ವಿರುದ್ಧ ವಿಶ್ವಕಪ್ ಅರ್ಹತಾ ಪಂದ್ಯ ನಿಗದಿಯಾಗಿತ್ತು. ಅಲ್ಲಿನ ಸಂಸ್ಥೆ ಮೊದಲು ಬಗ್ಗಲಿಲ್ಲ. ಆ್ಯಲಿ ಮೆಕಾಯಿಸ್ಟ್ ಸೇರಿ ಮೂವರು ಆಟಗಾರರು ನಾವು ಆಡುವುದಿಲ್ಲ ಎಂದರು. ಕೊನೆಗೆ ಪಂದ್ಯ ಭಾನುವಾರಕ್ಕೆ ಸರಿಯಿತು. ನನ್ನ ಪ್ರಕಾರ ಆ ಜಗಳ ನ್ಯಾಯವಾದದ್ದು. ಅಂತ್ಯಕ್ರಿಯೆಯ ಹೊತ್ತಿಗೆ ಆಡುವುದು ಬೇರೆ, ಅದಕ್ಕೆ ಒಂಬತ್ತು ದಿನ ಮೊದಲು ಆಡುವುದು ಬೇರೆ.

ಇನ್ನೂ ಹತ್ತಿರದ ಉದಾಹರಣೆ ರಾಣಿಯ ಪತಿ ಫಿಲಿಪ್ ಅವರದು. 2021ರ ಏಪ್ರಿಲ್ 9, ಶುಕ್ರವಾರ ತೀರಿಕೊಂಡರು. ಅದೇ ರಾತ್ರಿ ಫುಲಂ-ವುಲ್ವ್ಸ್ ಪಂದ್ಯ ಮೌನಾಚರಣೆಯೊಂದಿಗೆ ನಡೆಯಿತು. ವಾರಾಂತ್ಯವೂ ಆಟ ಇತ್ತು. ಮುಂದಿನ ಶನಿವಾರ ಮಧ್ಯಾಹ್ನ 3 ಗಂಟೆಗೆ ಅಂತ್ಯಕ್ರಿಯೆ, ಆ ಹೊತ್ತಿನ ಪಂದ್ಯಗಳ ಸಮಯ ಬದಲಿಸಿದರು. ಒಂದು ವ್ಯತ್ಯಾಸ ಮರೆಯುವಂತಿಲ್ಲ. ಆಗ ಕೋವಿಡ್ ಕಾಲ, ಗ್ಯಾಲರಿ ಖಾಲಿ. ಯಾರೂ ಇಲ್ಲದಲ್ಲಿ ಮೌನ ಕೆಡಿಸುವವರೂ ಇರುವುದಿಲ್ಲ. ಹದಿನೇಳು ತಿಂಗಳ ನಂತರ ಗ್ಯಾಲರಿ ತುಂಬಿದಾಗ ಧೈರ್ಯ ಸಾಲಲಿಲ್ಲ. ದೊರೆ ಬೇರೆ, ದೊರೆಯ ಪತಿ ಬೇರೆ ಎನ್ನುವುದು ನಿಜವೇ, ಆದರೆ ಎರಡು ತೀರ್ಮಾನಗಳ ನಡುವೆ ನಿಂತದ್ದು ಜನಸಂದಣಿಯ ಭಯವೂ ಹೌದು.

ಬ್ರಿಟನ್ನಿಗಿಂತ ಎಷ್ಟೋ ಕಠಿಣವಾದ ಶೋಕ ಥಾಯ್ಲೆಂಡಿನದು. 2016ರ ಅಕ್ಟೋಬರ್ 13ರಂದು ದೊರೆ ಭೂಮಿಬೋಲ್ ಹೋದಾಗ ಅಲ್ಲಿನ ಸಂಸ್ಥೆ ಇನ್ನೂ ಮೂರು ಸುತ್ತು ಬಾಕಿ ಇದ್ದ ಲೀಗನ್ನೇ ಮುಗಿಸಿ, ಮುಂಚೂಣಿಯಲ್ಲಿದ್ದ ಮುವಾಂಗ್‌ತಾಂಗ್ ಯುನೈಟೆಡ್ ತಂಡವನ್ನು ಚಾಂಪಿಯನ್ ಎಂದು ಸಾರಿತು. ಆದರೆ ಆ ದೇಶವೂ ಒಂದು ತಿಂಗಳ ನಂತರ, ನವೆಂಬರ್ 15ರಂದು, ಬ್ಯಾಂಕಾಕಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ವಿಶ್ವಕಪ್ ಅರ್ಹತಾ ಪಂದ್ಯ ಆಡಿಸಿತು. ಪ್ರೇಕ್ಷಕರು ಕಪ್ಪುಡುಗೆಯಲ್ಲಿ, ಗದ್ದಲ ತಗ್ಗಿಸಿ ಕೂತು 2-2 ಡ್ರಾ ನೋಡಿದರು. ಶೋಕವನ್ನು ಮೈದಾನದ ಒಳಗೇ ತರಬಹುದು ಎಂದು ಅವರೂ ತೋರಿಸಿದರು.

ನಮ್ಮಲ್ಲೂ ಆ ಸಾವಿಗೆ ಒಂದು ದಿನದ ಶೋಕ ಇತ್ತು. ಭಾರತ ಸರ್ಕಾರ ಸೆಪ್ಟೆಂಬರ್ 11ರ ಭಾನುವಾರ ಧ್ವಜವನ್ನು ಅರ್ಧಕ್ಕೆ ಇಳಿಸಿತು, ಅಧಿಕೃತ ಮನರಂಜನೆ ಇಲ್ಲ ಎಂದಿತು. 'ಅಧಿಕೃತ' ಎನ್ನುವ ಒಂದು ಪದ ಎಷ್ಟು ಕೆಲಸ ಮಾಡುತ್ತದೆ ನೋಡಿ. ಸರ್ಕಾರ ತನ್ನ ಅಂಗಳದ ಮಟ್ಟಿಗೆ ಹೇಳಿತು, ಜನರ ಮೈದಾನಗಳಿಗೆ ಕೈಹಾಕಲಿಲ್ಲ. ಇನ್ನು ಹಳ್ಳಿಯ ಪದ್ಧತಿ ಬಲ್ಲವರಿಗೆ ಗೊತ್ತು, ಬೀದಿಯಲ್ಲಿ ಸಾವಾದರೆ ಹೆಣ ಎತ್ತುವ ತನಕ ಅಕ್ಕಪಕ್ಕದವರು ಒಲೆ ಹಚ್ಚುವುದಿಲ್ಲ. ಎತ್ತಿದ ಮೇಲೆ ಸೂತಕ ಆ ಮನೆಯವರದು, ಬೀದಿ ತನ್ನ ಕೆಲಸಕ್ಕೆ ಹೋಗುತ್ತದೆ. ಆ ಪದ್ಧತಿಯಲ್ಲಿ ನಿಲ್ಲುವುದಕ್ಕೆ ಒಂದು ಕಾರಣ ಕಣ್ಣೆದುರು ಇರುತ್ತದೆ, ಮತ್ತೆ ಶುರು ಮಾಡುವುದಕ್ಕೆ ಒಂದು ಗುರುತು ಇರುತ್ತದೆ. ಇಂಗ್ಲೆಂಡಿನಲ್ಲಿ ಆದದ್ದು ತಿರುವುಮುರುವು. ಅಂತ್ಯಕ್ರಿಯೆ ಸೆಪ್ಟೆಂಬರ್ 19ರ ಸೋಮವಾರ. ದೂರದ 10, 11ನೇ ತಾರೀಖು ಫುಟ್‌ಬಾಲ್ ಪೂರ್ತಿ ಬಂದ್, ಅಂತ್ಯಕ್ರಿಯೆಯ ಹಿಂದಿನ 17, 18ನೇ ತಾರೀಖು ಬಹುಪಾಲು ಪಂದ್ಯ ನಡೆದವು.

ಎರಡನೇ ವಾರ: ಭಯಕ್ಕೆ ಉತ್ತರ

ಮಂಗಳವಾರ, ಸೆಪ್ಟೆಂಬರ್ 13ರಿಂದ ಕೆಳ ಲೀಗುಗಳು ಶುರುವಾದವು. ಅದೇ ರಾತ್ರಿ ಲಿವರ್‌ಪೂಲ್ ಊರಿನ ಆ್ಯನ್‌ಫೀಲ್ಡ್‌ನಲ್ಲಿ ಆಯಾಕ್ಸ್ ವಿರುದ್ಧ ಚಾಂಪಿಯನ್ಸ್ ಲೀಗ್ ಪಂದ್ಯ. ಎಲ್ಲರ ಕಣ್ಣು ಅಲ್ಲಿ ನೆಟ್ಟಿತ್ತು. ಲಿವರ್‌ಪೂಲ್ ಅಭಿಮಾನಿಗಳು ರಾಷ್ಟ್ರಗೀತೆಗೆ ಕೂಗು ಹಾಕುವುದು ಹಳೆಯ ಮಾತು. ಅದರ ಹಿಂದೆ ಆಳವಾದ ಗಾಯ ಇದೆ. 1989ರ ಏಪ್ರಿಲ್ 15ರಂದು ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ನೂಕುನುಗ್ಗಲಿಗೆ ಸಿಕ್ಕ 97 ಮಂದಿ ಲಿವರ್‌ಪೂಲ್ ಅಭಿಮಾನಿಗಳ ಸಾವಿನ ಹೊಣೆಯನ್ನು ವರ್ಷಗಟ್ಟಲೆ ಸತ್ತವರ ಮೇಲೇ ಹೊರಿಸಿದ ಆಡಳಿತವನ್ನು ಆ ಊರು ಸುಲಭಕ್ಕೆ ಮರೆಯಲಾರದು. ಆದರೂ ಮೌನಾಚರಣೆಗೆ ಅನುಮತಿ ಕೇಳಿದ್ದು ಲಿವರ್‌ಪೂಲ್ ಕ್ಲಬ್ಬೇ.

ಆ ರಾತ್ರಿ ಏನಾಯಿತು? ಕ್ರೀಡಾಂಗಣದ ಬಹುಪಾಲು ಮೌನವಾಗಿ ನಿಂತಿತು. ಅಲ್ಲೊಂದು ಇಲ್ಲೊಂದು ಕೂಗು ಬಂತು, ಪಕ್ಕದವರೇ ಶ್ ಎಂದು ಸುಮ್ಮನಾಗಿಸಿದರು. ನಿಮಿಷ ತುಂಬುವ ಮೊದಲೇ ರೆಫರಿ ಸೀಟಿ ಊದಿದರು. ಅಷ್ಟೇ. ಯಾವುದಕ್ಕಾಗಿ ಒಂದು ವಾರಾಂತ್ಯವನ್ನೇ ಬಲಿಕೊಟ್ಟರೋ ಆ ಭಯ ನಿಜವಾದಾಗ ಅದರ ಗಾತ್ರ ಇಷ್ಟು. ಕೆಲವರು ಕೂಗಿದರು ಎಂದು ಬೇಸರಪಡಬಹುದು. ಆದರೆ ಅಂಥ ಇತಿಹಾಸ ಇರುವ ಊರಿನಲ್ಲಿ ಅಷ್ಟು ಸಾವಿರ ಮಂದಿ ಬಾಯಿ ಮುಚ್ಚಿ ನಿಂತದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಈ ಎರಡನೇ ವಾರದ ಮುಂದೂಡಿಕೆಗಳಿಗೆ ನನ್ನ ತಕರಾರಿಲ್ಲ. ಅವಕ್ಕೆ ಲೆಕ್ಕ ಇತ್ತು. ಬುಧವಾರ ಸಂಜೆಯಿಂದ ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ ಅಂತಿಮ ದರ್ಶನ, ಸುಮಾರು 2,50,000 ಜನ ಸಾಲು ನಿಂತರು. ಅಂತ್ಯಕ್ರಿಯೆಯ ದಿನದ ಬಂದೋಬಸ್ತಿಗೆ 10,000ಕ್ಕೂ ಹೆಚ್ಚು ಪೊಲೀಸರು, ಬೇರೆ ಊರುಗಳಿಂದಲೂ ಕರೆಸಿದ್ದರು. ಹಾಗಾಗಿ ಗ್ಲಾಸ್ಗೋದ ರೇಂಜರ್ಸ್-ನಪೋಲಿ ಪಂದ್ಯ ಒಂದು ದಿನ ಮುಂದೆ ಹೋಯಿತು. ಲಂಡನ್ನಿನ ಆರ್ಸೆನಲ್-ಪಿಎಸ್‌ವಿ ಪಂದ್ಯ ಅಕ್ಟೋಬರ್ 20ಕ್ಕೆ ಹೋಯಿತು. ವಾರಾಂತ್ಯದ ಪ್ರೀಮಿಯರ್ ಲೀಗಿನಲ್ಲಿ ಏಳು ಪಂದ್ಯ ನಡೆದು ಮೂರು ನಿಂತವು: ಚೆಲ್ಸಿ-ಲಿವರ್‌ಪೂಲ್, ಮ್ಯಾಂಚೆಸ್ಟರ್ ಯುನೈಟೆಡ್-ಲೀಡ್ಸ್, ಬ್ರೈಟನ್-ಕ್ರಿಸ್ಟಲ್ ಪ್ಯಾಲೆಸ್. ಕೊನೆಯದನ್ನು ರೈಲು ಮುಷ್ಕರದ ಕಾರಣಕ್ಕೆ ಮೊದಲೇ ಮುಂದೂಡಿದ್ದರು, ಮುಷ್ಕರ ಕೈಬಿಟ್ಟ ಮೇಲೂ ಮತ್ತೆ ಸೇರಿಸಲಿಲ್ಲ. ಎಲ್ಲಿ ಪೊಲೀಸರು ಸಾಲರೋ ಅಲ್ಲಿ ನಿಲ್ಲಿಸಿ, ಉಳಿದೆಡೆ ಆಡಿಸುವ ಈ ಬಿಡಿಬಿಡಿ ಲೆಕ್ಕವನ್ನು ಮೊದಲ ವಾರವೂ ಹಾಕಬಹುದಿತ್ತು.

16ರ ಶುಕ್ರವಾರ ಎರಡು ಪಂದ್ಯಗಳೊಂದಿಗೆ ಪ್ರೀಮಿಯರ್ ಲೀಗ್ ಮರಳಿತು. ಆಸ್ಟನ್ ವಿಲ್ಲಾ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಮೈದಾನಗಳಲ್ಲಿ ಮೌನ, ರಾಷ್ಟ್ರಗೀತೆ, 70 ವರ್ಷದ ಆಳ್ವಿಕೆಗೆ 70ನೇ ನಿಮಿಷದಲ್ಲಿ ಚಪ್ಪಾಳೆ. ಅದೇ ದಿನ ಡೇವಿಡ್ ಬೆಕ್‌ಹ್ಯಾಮ್ ಟೋಪಿ ಹಾಕಿಕೊಂಡು, ಜನರ ನಡುವೆ 12 ಗಂಟೆಗೂ ಹೆಚ್ಚು ಸಾಲಿನಲ್ಲಿ ನಿಂತು ರಾಣಿಯ ಪೆಟ್ಟಿಗೆಯ ಮುಂದೆ ತಲೆಬಾಗಿ ಬಂದರು. ಫುಟ್‌ಬಾಲ್ ಜನಕ್ಕೆ ಗೌರವ ಕೊಡಲು ಬರುವುದಿಲ್ಲ ಎಂದು ಯಾರಿಗಾದರೂ ಅನುಮಾನ ಇದ್ದಿದ್ದರೆ ಆ ಒಂದು ದಿನ ಸಾಕಿತ್ತು.

ಪಂದ್ಯ ಅದೇ, ಆಟಗಾರರು ಬೇರೆ

'ಮುಂದೂಡಿಕೆ' ಎಂಬ ಪದ ಕೇಳಿದರೆ ಪಂದ್ಯ ಎಲ್ಲೋ ಹಾಗೆಯೇ ಕಾದು ಕೂತಿರುತ್ತದೆ ಎಂಬ ಭಾವನೆ ಬರುತ್ತದೆ. ಲೀಗ್ ಆಟದಲ್ಲಿ ಹಾಗಿರುವುದಿಲ್ಲ. ಆ ವರ್ಷ ನವೆಂಬರ್ 20ರಿಂದ ಕತಾರ್ ವಿಶ್ವಕಪ್, ಅದಕ್ಕಾಗಿ ಲೀಗಿಗೆ ಆರು ವಾರದ ಬಿಡುವು. ವೇಳಾಪಟ್ಟಿಯಲ್ಲಿ ಉಸಿರಾಡಲೂ ಜಾಗ ಇರಲಿಲ್ಲ. ಮೊದಲ ವಾರಾಂತ್ಯದ ಹತ್ತು ಪಂದ್ಯಗಳಲ್ಲಿ ಒಂದೂ ಆ ವರ್ಷದೊಳಗೆ ನಡೆಯಲಿಲ್ಲ.

ಚೆಲ್ಸಿಯನ್ನೇ ತೆಗೆದುಕೊಳ್ಳಿ. ಸೆಪ್ಟೆಂಬರ್ 7ರಂದು ಮ್ಯಾನೇಜರ್ ತೋಮಸ್ ಟೂಹೆಲ್‌ರನ್ನು ಕಿತ್ತುಹಾಕಿ, 8ರಂದು, ರಾಣಿ ಹೋದ ದಿನವೇ, ಗ್ರಹಾಂ ಪಾಟರ್‌ರನ್ನು ನೇಮಿಸಿತ್ತು. ಶನಿವಾರದ ಫುಲಂ ಪಂದ್ಯ ಪಾಟರ್‌ಗೆ ಮೊದಲನೆಯದಾಗಬೇಕಿತ್ತು. ಅದು ನಡೆದದ್ದು 2023ರ ಜನವರಿ 12ಕ್ಕೆ. ಹಿಂದಿನ ದಿನವಷ್ಟೇ ಸೇರಿದ್ದ ಜುವಾವ್ ಫೆಲಿಕ್ಸ್ ಮೊದಲ ಪಂದ್ಯದಲ್ಲೇ ಕೆಂಪು ಕಾರ್ಡ್ ತಿಂದು ಹೊರನಡೆದ, ಚೆಲ್ಸಿ 2-1ರಿಂದ ಸೋತಿತು. ಸೆಪ್ಟೆಂಬರಿನಲ್ಲಿ ಆಗಬೇಕಿದ್ದ ಪಂದ್ಯದ ಗತಿಯನ್ನು, ಆಗ ಆ ಕ್ಲಬ್ಬಿನಲ್ಲೇ ಇರದಿದ್ದ ಆಟಗಾರ ತಿರುಗಿಸಿದ್ದ. ಎರಡನೇ ವಾರ ನಿಂತುಹೋದ ಲಿವರ್‌ಪೂಲ್ ಪಂದ್ಯ ಏಪ್ರಿಲ್ 4ಕ್ಕೆ ಬಂತು. ಎರಡು ದಿನ ಮೊದಲು ಪಾಟರ್‌ರನ್ನೂ ತೆಗೆದಿದ್ದರು. ಯಾವ ಪಂದ್ಯದ ತಯಾರಿ ಅವರ ಮೊದಲ ಕೆಲಸಗಳಲ್ಲಿ ಒಂದಾಗಿತ್ತೋ ಅದು ನಡೆಯುವ ಹೊತ್ತಿಗೆ ಅವರ ಕೆಲಸವೇ ಮುಗಿದಿತ್ತು.

ಆರ್ಸೆನಲ್ ಕಡೆ ಒಂದು ಪಂದ್ಯ ಇನ್ನೊಂದನ್ನು ತಳ್ಳಿತು. ಪಿಎಸ್‌ವಿ ಪಂದ್ಯಕ್ಕೆ ಅಕ್ಟೋಬರ್ 20 ಬೇಕಾದ್ದರಿಂದ 19ಕ್ಕೆ ಇದ್ದ ಮ್ಯಾಂಚೆಸ್ಟರ್ ಸಿಟಿ ಪಂದ್ಯ 2023ರ ಫೆಬ್ರವರಿ 15ಕ್ಕೆ ಹೋಯಿತು. ಅಕ್ಟೋಬರಿನಲ್ಲಿ ಆರ್ಸೆನಲ್ ಅಂಕಪಟ್ಟಿಯ ಮೊದಲ ಸ್ಥಾನದಲ್ಲಿ, ಸಿಟಿ ಆಗಷ್ಟೇ ಲಿವರ್‌ಪೂಲ್‌ಗೆ ಸೋತು ಬಂದಿತ್ತು. ಫೆಬ್ರವರಿಯ ಹೊತ್ತಿಗೆ ಆರ್ಸೆನಲ್‌ನ ಗೇಬ್ರಿಯಲ್ ಜೀಸಸ್ ವಿಶ್ವಕಪ್ಪಿನಲ್ಲಿ ಮೊಣಕಾಲು ಕೆಡಿಸಿಕೊಂಡು ಮನೆಯಲ್ಲಿದ್ದರು. ಸಿಟಿ 3-1ರಿಂದ ಗೆದ್ದಿತು, ಋತುವಿನ ಕೊನೆಗೆ 5 ಅಂಕಗಳ ಅಂತರದಲ್ಲಿ ಪ್ರಶಸ್ತಿಯನ್ನೂ ಗೆದ್ದಿತು. ಅಕ್ಟೋಬರಿನಲ್ಲಿ ಆಡಿದ್ದರೆ ಆರ್ಸೆನಲ್ ಗೆಲ್ಲುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಆಡಿದ್ದರೆ ಅದು ಬೇರೆಯೇ ಪಂದ್ಯವಾಗಿರುತ್ತಿತ್ತು.

ಹತ್ತರಲ್ಲಿ ಕೊನೆಯದಾಗಿ ನಡೆದದ್ದು ವೆಸ್ಟ್ ಹ್ಯಾಮ್-ನ್ಯೂಕಾಸಲ್. 2023ರ ಏಪ್ರಿಲ್ 5, ಬುಧವಾರ ರಾತ್ರಿ, ಅದೇ ಲಂಡನ್ ಸ್ಟೇಡಿಯಂ. ಆ ಗುರುವಾರ ಮೌನದೊಳಗಿಂದ ಎದ್ದು ಹಾಡಿದ್ದ ಸಾಲುಗಳಲ್ಲಿ ಜನ ಮತ್ತೆ ಕೂತಿದ್ದರು. ಕಪ್ಪು ಪಟ್ಟಿ ಇರಲಿಲ್ಲ, ಹೊಸ ರಾಜನ ಪಟ್ಟಾಭಿಷೇಕಕ್ಕೆ ಒಂದು ತಿಂಗಳು ಉಳಿದಿತ್ತು. ವೆಸ್ಟ್ ಹ್ಯಾಮ್ 1-5ರಿಂದ ಸೋತಿತು.